ಒಂದು ಬೀಡಿ ದೂರ

ಗೆಳೆಯರೇ, ಇವತ್ತು ನನ್ನ ಬೆಲ್‌ಬಾಟಮ್ಮಿನ ಜೊತೆ ಹೆಂಡತಿಯ ತವರೂರು ಶಿವನಿಯ ಅರ್ಧ ಕೆಂಪು ಮಣ್ಣು ಮನೆಗೆ ಬಂದಿದೆ. ಬೇಸಿಗೆಗೆ ಒಣಗಿದ ಹಳ್ಳದ ಕೊರಕಲನ್ನು ಕೊನೆಯವರೆಗೂ ನೋಡಬೇಕೆಂದು ಮಾವನವರನ್ನು ಕೇಳಿದವನು ನಾನೇ.

"ಒಂದ್ ಬೀಡಿ ಸೇದೋಷ್ಟು ದೂರ ಅಷ್ಟೇ ಕಣ್ರೀ ಅಳಿಯಂದ್ರೇ, ಆರಾಮಾಗಿ ಹೋಗ್ಬರಾಣ," ಎಂದು ಅವರು ಬೀಡಿ ಹಚ್ಚಿ ಹೊರಟರು.

ಎರಡೂ ಕಡೆ ಆಳೆತ್ತರದ ಮಣ್ಣಿನ ಗೋಡೆ, ತಿರುವಿನ ಮೇಲೆ ತಿರುವು. ನೋಡಲು ಚೆಂದವೇ. ಆದರೆ ಸೂರ್ಯ ನೆತ್ತಿಗೆ ಬಂದರೂ ಕೊರಕಲಿನ ಕೊನೆ ಬರಲಿಲ್ಲ.

"ಮಾವ, ಒಂದು ಬೀಡಿ ಅಂದಿದ್ರಲ್ಲ?"

ಅವರು ಕಿವಿಯ ಸಂದಿಯಿಂದ ಆರಿದ ಬೀಡಿ ತೆಗೆದು ತೋರಿಸಿದರು. "ನಾನ್ಯಾಕ್ ಸುಳ್ ಹೇಳ್ಲಿ? ಗಾಳಿಗೆ ಆರೋಯ್ತು. ಇನ್ನೂ ಅರ್ಧ ಐತೆ ನೋಡಿ."

ನಾನು ಅವರನ್ನು ಅಲ್ಲೇ ನೆರಳಿಗೆ ಕೂರಿಸಿ, ಕೈಯಾರೆ ಕಡ್ಡಿ ಗೀರಿ, ತುದಿಯವರೆಗೂ ಸೇದಿಸಿದೆ. ಬೀಡಿ ಮುಗಿಯಿತು. ಮಾವನವರ ಲೆಕ್ಕದಂತೆ ನಾವು ತಲುಪಿದೆವು.