ಮೊಳೆಯಕ್ಕನ ಖಾಲಿ ಪರದೆ

ಹದಿನೆಂಟನೆಯ ವಯಸ್ಸಿನಲ್ಲಿ ಮುದ್ರಣಾಲಯಕ್ಕೆ ಸೇರಿದಾಗ ಆಕೆಯ ಕೆಲಸ ಸೀಸದ ಅಚ್ಚಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವುದು. ಮೊಳೆಗಳು ಹೋಗಿ ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಎಲ್ಲರ ಬಾಯಲ್ಲಿ ಆಕೆ ಮೊಳೆಯಕ್ಕನಾಗಿಯೇ ಉಳಿದಳು.

ಆಗಿನ ಮೊಳೆಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಕೈ ತಾನಾಗಿ ಸರಿಯಾದ ಮನೆಗೆ ಹೋಗುತ್ತಿತ್ತು. ಕಂಪ್ಯೂಟರು ಬಂದ ಮೇಲೂ ಆ ರೂಢಿಯನ್ನು ಆಕೆ ಬಿಟ್ಟುಕೊಡಲಿಲ್ಲ. ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಗಳನ್ನು ನೆಲದ ಟೈಲ್ಸಿನಂತೆ ಪಕ್ಕಪಕ್ಕದಲ್ಲೇ ಕೂರಿಸುವ ವ್ಯವಸ್ಥೆಯೊಂದಿದೆಯೆಂದು ಕಂಪ್ಯೂಟರು ರಿಪೇರಿಯವಳಿಂದ ತಿಳಿದು, ಎರಡು ತಿಂಗಳು ಒದ್ದಾಡಿ ಕಲಿತಳು. ಅಂದಿನಿಂದ ಆಕೆಯ ಪರದೆಯ ಮೇಲೆ ಚಿತ್ರವಿಲ್ಲ, ಗುಂಡಿಗಳಿಲ್ಲ. ಕೆಲಸ ತೆರೆದರೆ ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಪುಟ; ಇಲ್ಲದಾಗ ಬರೀ ಖಾಲಿ. ಒಂದರ ಮೇಲೊಂದು ಏರುವಂತಿಲ್ಲ. ಎಲ್ಲವೂ ಕೀಲಿಮಣೆಯಲ್ಲೇ ನಡೆಯುತ್ತಿದ್ದುದರಿಂದ ಮೌಸು ಡ್ರಾಯರಿನೊಳಗೆ ನಿದ್ದೆ ಹೋಗಿತ್ತು. ಮನೆಯಲ್ಲೂ ಅದೇ ಶಿಸ್ತು. ಪಾತ್ರೆಯ ಮೇಲೆ ಪಾತ್ರೆ ಪೇರಿಸಿದರೆ ತನ್ನ ಮೇಲೆ ಕೇಸು ಬೀಳುತ್ತದೆಂದು ದರ್ಜಿಯಾದ ಗಂಡ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದ.

ಹೊಸದಾಗಿ ಬಂದ ಮ್ಯಾನೇಜರಿಗೆ ಆಕೆಯ ಮಗನ ವಯಸ್ಸು. ಬಂದ ವಾರವೇ ಆಕೆಯ ಮೇಜಿನ ಹಿಂದೆ ನಿಂತು, "ಏನೂ ಕಾಣ್ತಾ ಇಲ್ವಲ್ಲ ಮೇಡಂ, ಕೆಟ್ಟುಹೋಗಿದ್ಯಾ?" ಎಂದು ಕೇಳಿದ.

"ಕೆಟ್ಟಿಲ್ಲ ಸಾರ್. ಕೆಲಸ ಕೂರೋಕೆ ಜಾಗ ಬಿಟ್ಟಿದೀನಿ."

ಆತನಿಗೆ ಹಿಡಿಸಲಿಲ್ಲ. ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಾಗಿರಬೇಕೆಂದು ಆಜ್ಞೆಯಾಯಿತು. ಆಕೆ ಬೇಡವೆಂದು ಎರಡು ಸಲ ಬರೆದುಕೊಟ್ಟರೂ, ಸೋಮವಾರ ಬಂದು ನೋಡಿದರೆ ಪರದೆಯ ತುಂಬ ಬಣ್ಣದ ಗುಂಡಿಗಳು. ಮೇಜಿನ ಮೇಲೆ ಮೌಸು.

ಅಂದು ಬಂದ ಕೆಲಸ ಊರಿನ ಬಸ್ಸುಗಳ ವೇಳಾಪಟ್ಟಿ. ಹಳೆಯ ವರ್ಷದ ಪುಟವನ್ನು ತೆರೆದು ಹೊಸ ಪಟ್ಟಿಗೆಂದು ಅದರ ನಕಲು ಮಾಡಿಕೊಂಡು, ಎರಡನ್ನೂ ಹೋಲಿಸಿ ತಿದ್ದುತ್ತ ಕುಳಿತಳು. ನೋಡಲು ಎರಡೂ ಅವಳಿಜವಳಿ. ಪರದೆಯಲ್ಲಿ ಒಂದು ಇನ್ನೊಂದನ್ನು ಮುಚ್ಚಿಕೊಂಡಿತ್ತು. ಅರ್ಧ ತಿದ್ದುಪಡಿಗಳು ಗೊತ್ತಿಲ್ಲದಂತೆ ಹಳೆಯ ಪುಟಕ್ಕೆ ಸೇರಿಹೋದವು.

ಆ ಮುದ್ರಣಾಲಯದಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ: ಜೋಡಿಸಿದವರು ಮೊದಲ ಹಾಳೆಗೆ ರುಜು ಹಾಕದೆ ಯಂತ್ರ ಓಡುವಂತಿಲ್ಲ. ಅಚ್ಚುಯಂತ್ರ ನಡೆಸುವ, ಎಲ್ಲರೂ ಯಂತ್ರದಣ್ಣನೆಂದು ಕರೆಯುವಾತ ಮಸಿ ಆರದ ಹಾಳೆಯನ್ನು ತಂದು ಹರಡಿದ. ಮೊಳೆಯಕ್ಕ ಪೆನ್ನು ಬಿಚ್ಚಿದವಳು ಹಾಗೇ ನಿಂತುಬಿಟ್ಟಳು. ಹಾಳೆಯ ಮೇಲೆ ನಲವತ್ತು ಬಸ್ಸುಗಳು ಹೋದ ವರ್ಷದ ಹೊತ್ತಿಗೇ ಹೊರಟಿದ್ದವು.

ಆಕೆ ಮರೆಮಾಚಲಿಲ್ಲ. ಎಲ್ಲವನ್ನೂ ತಿದ್ದಿ ಎರಡನೆಯ ಹಾಳೆ ತೆಗೆಸಿದಳು. ಆದರೆ ಅದಕ್ಕೂ ರುಜು ಹಾಕಲಿಲ್ಲ. ಮ್ಯಾನೇಜರು ಓಡಿಬಂದ.

"ತಪ್ಪು ನಂದೇ, ಪರದೆ ಮೇಲೆ ಹೊರಿಸಲ್ಲ," ಎಂದಳು. "ಆದ್ರೆ ಅಡಿಯಲ್ಲಿ ಏನು ಬಿದ್ದಿದೆ ಅಂತ ಕಾಣದೆ ಮಾಡಿದ ಕೆಲಸಕ್ಕೆ ನನ್ನ ರುಜು ಬೀಳಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ."

ಹಾಗಿದ್ದರೆ ನಾಳೆಯಿಂದ ಪುಸ್ತಕ ಕಟ್ಟುವ ವಿಭಾಗಕ್ಕೆ ಹೋಗಬೇಕಾಗುತ್ತದೆಂದು ಆತ ಗದರಿಸಿದ.

"ಆಗ್ಲಿ. ಅಂಟು ಹಚ್ಚೋಕೂ ಬರತ್ತೆ ನಂಗೆ. ಇದಕ್ಕೆ ನೀವೇ ಹಾಕಿ."

ಆಕೆ ಪೆನ್ನನ್ನು ಆತನ ಕೈಗಿತ್ತು ಕುರ್ಚಿ ಬಿಟ್ಟೆದ್ದಳು. ರುಜು ಹಾಕಬೇಕಾದರೆ ಸಾಲುಸಾಲೂ ತಾಳೆ ನೋಡಬೇಕು. ಆತ ಕುಳಿತು ಹಸ್ತಪ್ರತಿಯನ್ನು ತೆರೆದ; ಪುಟ ಮಾಯವಾಯಿತು. ಪುಟವನ್ನು ಎಳೆದು ತಂದ, ಹಸ್ತಪ್ರತಿ ಅಡಗಿತು. ಹತ್ತು ನಿಮಿಷದಲ್ಲಿ ಮೂರು ಸಾಲು ಮುಗಿಯಿತು. ಆತ ಕತ್ತಿನ ಬೆವರು ಒರೆಸಿಕೊಂಡ.

"ಒಳ್ಳೇ ಕಣ್ಣಾಮುಚ್ಚಾಲೆ, ಸಾರ್," ಎಂದ ಯಂತ್ರದಣ್ಣ, ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ.

ಮ್ಯಾನೇಜರು ಮತ್ತೆ ಹಾಳೆಗೆ ಬಗ್ಗಿದ. ಪೆನ್ನಿನ ತುದಿ ಹಾಳೆಯ ಅಂಚಿನವರೆಗೂ ಹೋಗಿ ಹಿಂದಕ್ಕೆ ಬಂತು. ಕೊನೆಗೆ ತಲೆಯೆತ್ತದೆ, "ನಿಮ್ಮದನ್ನ ವಾಪಸ್ ಹಾಕೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದ.

"ನೀವೊಂದು ಟೀ ಕುಡಿದು ಬನ್ನಿ."

ಆಕೆಗೆ ಬೇಕಾದ ಪರದೆಯ ಏರ್ಪಾಡೆಲ್ಲ ಒಂದೇ ಹಾಳೆಯಲ್ಲಿ ಅಚ್ಚಾಗಿ ಕೈಚೀಲದಲ್ಲಿತ್ತು. ಅದನ್ನು ನೋಡಿಕೊಂಡು ಬೆರಳಾಡಿಸಿದಳು. ಗುಂಡಿಗಳು ಹೋದವು, ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಪುಟ ಬಂದು ಕುಳಿತವು. ಆಮೇಲೂ ಆತುರಪಡಲಿಲ್ಲ. ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಓದಿ ರುಜು ಹಾಕಿದಳು.

ಯಂತ್ರ ಗುಡುಗತೊಡಗಿದ ಮೇಲೆ ಮೌಸಿಗೆ ಅದರದೇ ಬಾಲವನ್ನು ಸುತ್ತಿ, ಟೀ ಮುಗಿಸಿ ಬಂದ ಮ್ಯಾನೇಜರನ ಮುಂದಿಟ್ಟಳು.

"ಇದಕ್ಕೆ ಇನ್ನು ಡ್ರಾಯರಲ್ಲೂ ಜಾಗ ಇಲ್ಲ ಸಾರ್."