ಮುಖಪುಟವಿಲ್ಲದ ‘ಪ್ರಸಾರವಾರ’

ಮುಂಬಯಿ ಬಳಿಯ ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಮೆಟ್ಟಿಲ ಬುಡದಲ್ಲಿ ಪೇಪರ್ ಸ್ಟಾಲ್ ಇಟ್ಟುಕೊಂಡಿರುವ ಹರಿಶ್ಚಂದ್ರ, ಹೆಸರಿಗೆ ತಕ್ಕಂತೆ ಬದುಕಲು ಬಹಳ ವರ್ಷ ಪ್ರಯತ್ನಪಟ್ಟವರು. ಈಗ ಬುಧವಾರ ಬಂತೆಂದರೆ ಸುಳ್ಳು ಹೇಳುತ್ತಾರೆ, ಅದೂ ಕಟ್ಟಿಕೊಂಡ ಹೆಂಡತಿಗೆ.

ಬುಧವಾರ ‘ಪ್ರಸಾರವಾರ’ ಬರುತ್ತಿದ್ದ ದಿನ. ಯಾವ ಚಾನೆಲ್ಲಿನಲ್ಲಿ, ಯಾವ ರೇಡಿಯೋದಲ್ಲಿ ಎಷ್ಟು ಗಂಟೆಗೆ ಏನು ಎಂದು ಅಚ್ಚು ಹಾಕುತ್ತಿದ್ದ ಕನ್ನಡ ವಾರಪತ್ರಿಕೆ ಅದು. ಕೇಬಲ್ಲಿನವರು ಕನ್ನಡ ಚಾನೆಲ್ ಕೊಟ್ಟ ಹೊಸತರಲ್ಲಿ ಅದಕ್ಕಿದ್ದ ಗಿರಾಕಿ ನೋಡಬೇಕಿತ್ತು. ಹೋಟೆಲಿನ ಮಾಣಿಗಳು, ಬ್ಯಾಂಕಿನವರು, ತುರ್ಭೆ ಮಾರ್ಕೆಟ್ಟಿನಿಂದ ಬರುತ್ತಿದ್ದ ಕಲಬುರಗಿಯ ಹಮಾಲರು, ಎಲ್ಲರೂ ಕಟ್ಟು ಬಿಚ್ಚುವ ಮೊದಲೇ ಕೈ ಚಾಚುವವರು. ಆಮೇಲೆ ರಿಮೋಟಿನ ಗುಂಡಿ ಒತ್ತಿದರೆ ಸಮಯವೆಲ್ಲ ತೆರೆಯ ಮೇಲೇ ಬರತೊಡಗಿತು. ಅಡುಗೆ ಪುಟಕ್ಕಾಗಿ ಕೆಲವರು, ರಾಶಿಭವಿಷ್ಯಕ್ಕಾಗಿ ಕೆಲವರು ಕೊಳ್ಳುತ್ತಿದ್ದರು. ಕೊನೆಕೊನೆಗೆ ಒಬ್ಬಾಕೆ, "ಹಳೇದಿದ್ರೆ ಕೊಡಿ ಅಣ್ಣಾ, ಕಪಾಟಿಗೆ ಹಾಸ್ಲಿಕ್ಕೆ ಸೈಜ್ ಸರಿ ಬರ್ತದೆ" ಎಂದಳು. ಮರುವರ್ಷ ಪತ್ರಿಕೆ ನಿಂತಿತು.

ನಿಲ್ಲದೆ ಉಳಿದದ್ದು ಹೆಂಡತಿ ಬಾಗಿಯ ಬುಧವಾರ. ಮೊದಲ ಪ್ರತಿ ಯಾವತ್ತೂ ಅವಳ ಕೈಗೇ ಹೋಗಬೇಕು. ಕೆಂಪು ಪೆನ್ಸಿಲಿನಿಂದ ಅವಳು ಗುರುತು ಹಾಕಿದ ಮೇಲೆಯೇ ಆ ಮನೆಯ ವಾರ ತೀರ್ಮಾನವಾಗುತ್ತಿತ್ತು. ನೆಂಟರ ಮನೆ, ಅಕ್ಕಿ ರುಬ್ಬುವುದು ಎಲ್ಲ ಅದರ ಸಂದಿಯಲ್ಲಿ. ಈಗ ಮರೆವಿನ ಕಾಯಿಲೆ ಬಂದು, ಬೆಳಿಗ್ಗೆ ತಿಂದದ್ದು ನೆನಪಿಲ್ಲದಿದ್ದರೂ ‘ಪ್ರಸಾರವಾರ’ದ ಪುಸ್ತಕದ ನೆನಪು ಮಾತ್ರ ಹೋಗಲಿಲ್ಲ. ಅದು ಸಿಗದಿದ್ದರೆ ಬಾಗಿಲಲ್ಲಿ ನಿಂತು ಮಕ್ಕಳಂತೆ ಅಳುವಳು.

ಪುಣ್ಯಕ್ಕೆ ಮಂಚದಡಿ ಒಂದು ರಾಶಿ ಇತ್ತು. ಮಾರಾಟವಾಗದೆ ಉಳಿದ ಪ್ರತಿಗಳ ಮುಖಪುಟವನ್ನಷ್ಟೇ ಹರಿದು ಏಜೆಂಟನಿಗೆ ಹಿಂದಿರುಗಿಸುವುದು ಸ್ಟಾಲಿನವರ ಪದ್ಧತಿ, ಮಿಕ್ಕಿದ್ದು ರದ್ದಿಗೆ. ರದ್ದಿಗೆ ಹಾಕಲು ಮನಸ್ಸು ಬಾರದೆ ಹರಿಶ್ಚಂದ್ರ ಮನೆಗೆ ತಂದಿದ್ದರು. ತಾರೀಕು, ಇಸವಿ ಎಲ್ಲ ಮುಖಪುಟದ ಜೊತೆಗೇ ಹೋಗಿತ್ತು. ಒಳಗೆ ಉಳಿದದ್ದು ಸೋಮವಾರ, ಮಂಗಳವಾರ ಎಂಬ ವಾರಗಳ ಹೆಸರಷ್ಟೇ. ಬುಧವಾರ ಕೈಗೆ ಸಿಕ್ಕ ಒಂದನ್ನು ಎಳೆದು, "ಈಗ ಬಂತು ನೋಡು" ಎಂದು ಕೊಡುವರು. ಬಾಗಿ ಗುರುತು ಹಾಕುವಳು, ನೋಡುವುದನ್ನು ಮರೆಯುವಳು. ಹೀಗೆ ಸಂಸಾರ ನಡೆಯುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹಾಗಾಗಲಿಲ್ಲ.

"ಇಲ್ಲಿ ನೋಡಿ! ಶುಕ್ರವಾರ ನಾಲ್ಕು ಗಂಟೆಗೆ ಯಕ್ಷಗಾನ. ಅಣ್ಣನ ಹೆಸರು ಉಂಟು!"

ಹರಿಶ್ಚಂದ್ರ ಬಗ್ಗಿ ನೋಡಿದರು. ಸ್ತ್ರೀವೇಷ: ಜಯಶೀಲ. ಆ ಆಟವನ್ನು ಎಂದೋ ಇಡೀ ಬಿಲ್ಡಿಂಗ್ ಇವರ ಮನೆಯಲ್ಲೇ ಕೂತು ನೋಡಿತ್ತು. ಬಾಗಿಯ ಅಣ್ಣ ಜಯಶೀಲ ತೀರಿಕೊಂಡೂ ವರ್ಷಗಳಾಗಿದ್ದವು. ಅದನ್ನು ಬಾಗಿಗೆ ಎರಡು ಸಲ ನೆನಪಿಸಿದ್ದರು. ಎರಡೂ ಸಲ ಆಗಷ್ಟೇ ಸುದ್ದಿ ಬಂದಂತೆ ನೆಲದ ಮೇಲೆ ಬಿದ್ದು ಅತ್ತಿದ್ದಳು. ಇನ್ನೊಮ್ಮೆ ಹೇಳುವ ಗಟ್ಟಿತನ ಅವರಲ್ಲಿರಲಿಲ್ಲ. ಒಳಗೇನಿದೆ ಎಂದು ನೋಡದೆ ಕೊಟ್ಟ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮರೆತಾಳೆಂದು ಕಾದರು. ಪುಸ್ತಕ ಅಡಗಿಸಿಟ್ಟರು. ಏನನ್ನೂ ಹಿಡಿದಿಡದ ತಲೆ ಇದೊಂದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಶುಕ್ರವಾರ ಊಟವಾದದ್ದೇ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಟೀವಿಯ ಎದುರು ಕುಳಿತಳು. ಅಪ್ಪನ ಫೋನಿಗೆ ಸೀವುಡ್ಸಿನಿಂದ ಓಡಿಬಂದಿದ್ದ ಮಗಳು ರಮಿತಾ ಮೊಬೈಲಿನಲ್ಲಿ ಹುಡುಕಿ ಹುಡುಕಿ ಸೋತಳು.

"ಮಾಮಾ ಕಾ ಏಕ್ ಭೀ ವಿಡಿಯೋ ನಹೀ ಹೈ ಪಪ್ಪಾ," ಎಂದು ಪಿಸುಗುಟ್ಟಿದಳು. "ಒಂದೂ ಸಿಗ್ತಿಲ್ಲ. ಬೇರೆ ಯಾರದಾದ್ರೂ ಆಟ ಹಾಕ್ಲಾ?"

"ಬೇಡ ಮಗಾ. ಅಣ್ಣನ ಹೆಜ್ಜೆ ಅವಳಿಗೆ ಗೊತ್ತಾಗ್ತದೆ."

ನಾಲ್ಕು ಗಂಟೆ ಹತ್ತಿರ ಬಂತು. ಬೇರೆ ದಾರಿ ಕಾಣದೆ ಹರಿಶ್ಚಂದ್ರ ಟೀವಿಯ ಪ್ಲಗ್ ಕಿತ್ತರು.

"ಲೈಟ್ ಹೋಯ್ತು ಮಾರಾಯ್ತಿ. ಏನು ಮಾಡುವುದು?"

ಬಾಗಿ ತಲೆ ಎತ್ತಿದಳು. "ಫ್ಯಾನ್ ತಿರುಗ್ತಾ ಉಂಟಲ್ಲ?"

ಬುಧವಾರ ಬಿಟ್ಟರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಇಷ್ಟು. ರಮಿತಾ ಸದ್ದಿಲ್ಲದೆ ಎದ್ದು ಬಾಗಿಲ ಹಿಂದಿನ ಮೇನ್ ಸ್ವಿಚ್ ಕೆಳಗೆಳೆದಳು. ಫ್ಯಾನ್ ನಿಧಾನವಾಗಿ ನಿಂತಿತು. ಗೋಡೆಯಾಚೆ ಪಕ್ಕದ ಮನೆಯ ಟೀವಿ ಜೋರಾಗಿ ಮರಾಠಿ ಮಾತಾಡುತ್ತಿತ್ತು. ಬಾಗಿಗೆ ಅದರ ಕಡೆ ಗಮನವಿರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಮೂವರೂ ಬೆವರುತ್ತ ಕುಳಿತರು. ಹರಿಶ್ಚಂದ್ರ ಮಂಚದಡಿಯಿಂದ ಮುಖಪುಟವಿಲ್ಲದ ಒಂದು ಪ್ರತಿ ಎಳೆದು ಹೆಂಡತಿಗೆ ಗಾಳಿ ಹಾಕತೊಡಗಿದರು.

ಬಾಗಿ ಅಳಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಪಾಪ, ಅಣ್ಣ ಬಣ್ಣ ಹಚ್ಚಿ ಕುಣೀತಾ ಇರ್ತಾನೆ. ನೋಡ್ಲಿಕ್ಕೆ ನಾವೇ ಇಲ್ಲ."

ರಮಿತಾ ಮುಖ ತಿರುಗಿಸಿಕೊಂಡಳು.

"ಬುಧವಾರ ಪುಸ್ತಕ ತರ್ಲಿಕ್ಕೆ ಮರೀಬೇಡಿ," ಎಂದಳು ಬಾಗಿ. "ಅಣ್ಣನದ್ದು ಇನ್ನೊಮ್ಮೆ ಹಾಕೋದಿದ್ರೆ ಅದರಲ್ಲಿ ಬರೆದಿರ್ತಾರೆ."

"ತರ್ತೇನೆ," ಎಂದರು ಹರಿಶ್ಚಂದ್ರ, ಗಾಳಿ ಹಾಕುತ್ತಲೇ.