ಅಧ್ಯಕ್ಷರ ಹೊಂಗೆ ಮರ

ಕೋಲಾರದ ನಮ್ಮ ಬಡಾವಣೆಯ ಪಾರ್ಕಿಗೆ ಮೊನ್ನೆ ಒಂದು ಬೋರ್ಡು ಬಂತು: ‘ನಮ್ಮ ನೆಲದ ಗಿಡ ಬೆಳೆಸಿ, ನೀರು ಉಳಿಸಿ.’ ಅದರ ಕೆಳಗೆ ಮೊಣಕಾಲುದ್ದದ ಹೊಂಗೆ ಸಸಿ, ಸುತ್ತ ಸಸಿಗಿಂತ ಗಟ್ಟಿಮುಟ್ಟಾದ ಕಬ್ಬಿಣದ ಬೇಲಿ. ನನಗೆ ನಗು ತಡೆಯಲಾಗಲಿಲ್ಲ. ವಾಕಿಂಗ್ ಬಂದವರು ನನ್ನನ್ನೇ ನೋಡಿದರು. ನೋಡಲಿ ಬಿಡಿ, ನೀವಾದರೂ ಕೇಳಿ.

ಎಪ್ಪತ್ತರ ದಶಕದ ಕೊನೆ. ಮುಳಬಾಗಿಲಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದೆ. ಕಲಿತೆ ಎಂದು ಹೇಳುವ ಧೈರ್ಯ ಇವತ್ತಿಗೂ ಇಲ್ಲ. ಮನೆಯೆದುರಿನ ಪುರಸಭೆಯ ಬಯಲಿನಲ್ಲಿ ತಂಗಡಿ ಪೊದೆಗಳು, ನಡುವೆ ಒಂದು ಹೊಂಗೆ ಮರ. ದೊಡ್ಡಮ್ಮ ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟು, ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಬೆಳೆಸಿದ ಮರ. ದೊಡ್ಡಪ್ಪ ತೀರಿಕೊಂಡ ಮೇಲೆ ಮಧ್ಯಾಹ್ನಗಳನ್ನೆಲ್ಲ ಅವಳು ಅಲ್ಲೇ ಕಳೆಯುತ್ತಿದ್ದಳು. ಒಳಗೆ ಕೂತರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತೆ ಅನ್ನುತ್ತಿದ್ದಳು.

ಆ ಬಯಲಿನ ಮೇಲೆ ಪುರಸಭೆ ಅಧ್ಯಕ್ಷರ ಕಣ್ಣು ಬಿತ್ತು. ಅವರು ಬೆಂಗಳೂರಿನಲ್ಲಿ ಲಾನ್ ನೋಡಿ ಬಂದಿದ್ದರು. ತಂಗಡಿ ಹೋಯಿತು, ಲಾರಿಯಲ್ಲಿ ಹುಲ್ಲು ಬಂತು. ನಮ್ಮ ನಲ್ಲಿಗೆ ಬಾರದ ನೀರು ಆ ಹುಲ್ಲಿಗೆ ಎರಡು ಹೊತ್ತೂ ಬರತೊಡಗಿತು. ಹಸು ಕಟ್ಟಿ ಬದುಕುವ ಜನಕ್ಕೆ ಹುಲ್ಲನ್ನು ಬರೀ ನೋಡಿ ಅಂದರೆ ಹೇಗೆ? ಹಾಲು ಹಾಕುವ ಮುನಿಯಮ್ಮ ಅಧ್ಯಕ್ಷರನ್ನೇ ವಿಚಾರಿಸಿದಳು: “ಇದನ್ನ ಕೊಯ್ಯೋದು ಯಾವಾಗ ಸ್ವಾಮಿ?”

“ಇದು ಕೊಯ್ಯೋ ಹುಲ್ಲಲ್ಲಮ್ಮ, ನೋಡೋ ಹುಲ್ಲು!”

“ಅಯ್ಯೋ, ನೋಡಿದ್ರೆ ಹಸು ಹಾಲು ಕೊಡ್ತದಾ?”

ಹೊಂಗೆ ಎಲೆ ಉದುರಿ ಲಾನ್ ಗಲೀಜಾಗುತ್ತದೆ, ಉದ್ಘಾಟನೆಯ ಮಾರನೆಯ ದಿನವೇ ಮರ ಕಡಿಸುತ್ತೇವೆ ಎಂದರು ಅಧ್ಯಕ್ಷರು. ದೊಡ್ಡಮ್ಮ ಅವರ ಮನೆಗೇ ಹೋಗಿ ಕೈಮುಗಿದಳು. ಅವರು ಕಾಫಿ ಕೊಟ್ಟರು, ಮರ ಬಿಟ್ಟುಕೊಡಲಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ.

ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬಂದರು. ಏಪ್ರಿಲ್ ಬಿಸಿಲು. ಲಾನ್ ಮರೆಯಾಗಬಾರದೆಂದು ಅಧ್ಯಕ್ಷರು ಶಾಮಿಯಾನವನ್ನೇ ಹಾಕಿಸಿರಲಿಲ್ಲ. ಅವರು ಭಾಷಣ ಶುರುಮಾಡಿದ್ದೇ ತಡ, ಜನ ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ಹೊಂಗೆಯ ಕೆಳಗೆ ಸರಿದರು. ಕೊನೆಗೆ ಅಧಿಕಾರಿಯೂ ಎದ್ದು ಬಂದು ನನ್ನ ಜೊತೆ ಮೊದಲೇ ಅಲ್ಲಿದ್ದ ದೊಡ್ಡಮ್ಮನ ಪಕ್ಕದಲ್ಲೇ ಕೂತು ಬೆವರು ಒರೆಸಿಕೊಂಡರು. ಅಧ್ಯಕ್ಷರು ಮೈಕು ಬಿಟ್ಟು ಓಡಿಬಂದರು.

“ಎಂಥಾ ತಂಪು ರೀ! ಯಾರು ಹಾಕಿಸಿದ್ದು ಈ ಮರ?” ಎಂದರು ಅಧಿಕಾರಿ.

ಅಧ್ಯಕ್ಷರು ಕೈ ಹೊಸೆದರು. “ನಾವೇ ಸಾರ್. ಜನಕ್ಕೆ ನೆರಳಿರ್ಲಿ ಅಂತ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ನನ್ನ ತೊಡೆ ಚಿವುಟಿದಳು. “ಊರ್ಕೋವೇ,” ಎಂದಳು ಕಿವಿಯಲ್ಲಿ. ಸಿಟ್ಟಾದರೂ ಖುಷಿಯಾದರೂ ಅವಳಿಗೆ ಮೊದಲು ಬರುತ್ತಿದ್ದದ್ದು ತೆಲುಗೇ. “ಸುಮ್ನಿರು ಕಣೇ. ತನ್ನದು ಅಂದ್ಬಿಟ್ನಲ್ಲ, ಇನ್ನು ಹೆಂಗೆ ಕಡೀತಾನೆ?”

ಕಡಿಯಲಿಲ್ಲ. ಬುಡದಲ್ಲಿ ಅಧ್ಯಕ್ಷರ ಹೆಸರು ಕೆತ್ತಿದ ಕಲ್ಲು ಬಂತು. ಹುಲ್ಲು ಆ ಬೇಸಿಗೆ ದಾಟಲಿಲ್ಲ. ದೊಡ್ಡಮ್ಮ ಇರುವವರೆಗೂ ಆ ಕಲ್ಲಿಗೇ ಬೆನ್ನು ಒರಗಿಸಿ ಕೂರುತ್ತಿದ್ದಳು.

ನಮ್ಮ ಪಾರ್ಕಿನ ಸಸಿಯ ಬೇಲಿಗೂ ಯಾರದೋ ಹೆಸರಿನ ತಗಡು ಇದೆ, ಸಸಿಗಿಂತ ಅಗಲ. ಮೊದಲಾಗಿದ್ದರೆ ಉರಿದು ಬೀಳುತ್ತಿದ್ದೆ. ಇವತ್ತು ಬಾಟಲಿಯಲ್ಲಿ ಉಳಿದ ನೀರನ್ನು ಬುಡಕ್ಕೆ ಹಾಕಿ, ಧೂಳು ಕೂತಿದ್ದ ಆ ಹೆಸರನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ಬಂದೆ. ಎದ್ದು ಕಾಣುತ್ತಿರಲಿ.